ವಾಕಿಂಗ್ ಸೀಟು

ಕಳೆದ ಜನವರಿ ತಿಂಗಳ ಎರಡನೇ ಮಂಗಳವಾರ ನಾನು ಹನ್ನೊಂದು ಸಾವಿರದ ನಾಲ್ಕುನೂರ ಆರು ಹೆಜ್ಜೆ ನಡೆದೆ. ಇದು ದಾಖಲೆಯಲ್ಲಿದೆ. ಅದೇ ದಿನ ನಾನು ಬೀದರ ಬಸ್ ನಿಲ್ದಾಣದಲ್ಲಿ ಔರಾದ ಬಸ್ಸು ಹತ್ತಿ, ಕೊನೆಯ ಸೀಟಿನಲ್ಲಿ ಕುಳಿತು ಔರಾದ ತಲುಪಿ, ಅಲ್ಲಿಯ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕುಳಿತು ನಾಲ್ಕು ಸುದ್ದಿ ಬರೆದು, ಮತ್ತೆ ಅದೇ ಬಸ್ಸಿನ ಅದೇ ಸೀಟಿನಲ್ಲಿ ಕುಳಿತು ಮನೆಗೆ ಬಂದೆ. ಇದು ದಾಖಲೆಯಲ್ಲಿಲ್ಲ. ದಾಖಲೆಗೂ ವಾಸ್ತವಕ್ಕೂ ಇರುವ ಅಂತರದ ಬಗ್ಗೆ ಇಪ್ಪತ್ತಾರು ವರ್ಷಗಳಲ್ಲಿ ನಾನು ಎಷ್ಟೋ ವರದಿ ಬರೆದಿದ್ದೇನೆ. ಕಾಗದದ ಮೇಲೆ ಮುಗಿದು ನೆಲದ ಮೇಲೆ ಶುರುವೇ ಆಗದ ಕಾಮಗಾರಿಗಳನ್ನು ಕಂಡರೆ ನನ್ನ ಪೆನ್ನು ತಾನಾಗಿಯೇ ಓಡುತ್ತಿತ್ತು. ಈ ಸಲ ಆ ಕಾಮಗಾರಿ ನಾನೇ ಆಗಿದ್ದೆ. ಪೆನ್ನು ಜೇಬಿನಲ್ಲೇ ಉಳಿಯಿತು.

ನಾನು ಬೀದರಿನ ಒಂದು ದಿನಪತ್ರಿಕೆಯ ವರದಿಗಾರ. ಭಾಲ್ಕಿ ಮತ್ತು ಔರಾದ ತಾಲೂಕುಗಳು ನನ್ನ ಪಾಲಿಗೆ ಬಂದಿವೆ. ಹೊರಗಿನವರು ಈ ವೃತ್ತಿಯ ಅಪಾಯ ಎಂದರೆ ಬೆದರಿಕೆ, ಲಾಠಿ, ಕಲ್ಲು ಎಂದೆಲ್ಲ ಊಹಿಸುತ್ತಾರೆ. ನನ್ನ ಅನುಭವದಲ್ಲಿ ಅಪಾಯ ಪತ್ರಿಕಾಗೋಷ್ಠಿಯ ಕೊನೆಯಲ್ಲಿ ಬರುತ್ತದೆ, ಮಿರ್ಚಿ ಭಜಿಯ ರೂಪದಲ್ಲಿ. ಅದರ ಹಿಂದೆಯೇ ಸಕ್ಕರೆ ಗಂಟಲಿಗೆ ಅಂಟುವಂಥ ಚಹಾ ಬರುತ್ತದೆ. ಬೇಡ ಎಂದರೆ ಕರೆದವರಿಗೆ ಅವಮಾನ, ತಿಂದರೆ ನನಗೆ ಅನಾಹುತ. ಇಪ್ಪತ್ತಾರು ವರ್ಷ ನಾನು ಯಾರನ್ನೂ ಅವಮಾನಿಸಲಿಲ್ಲ. ಡಿಸೆಂಬರಿನಲ್ಲಿ ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ನೋಡಿದರು. "ಮೂರು ತಿಂಗಳು ಟೈಮ್ ಕೊಡ್ತೇನಿ. ಗುಳಿಗಿ ತೊಗೊಳ್ರಿ, ದಿನಾ ನಡೀರಿ. ಇಳೀಲಿಲ್ಲ ಅಂದ್ರ ಇನ್ಸುಲಿನ್. ದಿನಾ ಹೊಟ್ಟಿಗಿ ನೀವೇ ಚುಚ್ಕೋಬೇಕು" ಎಂದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಸೂಜಿ ಎಂದರೆ ಭಯ. ಲಸಿಕಾ ಶಿಬಿರಗಳ ವರದಿಗೆ ಹೋದಾಗಲೂ ನಾನು ಬಾಗಿಲ ಹೊರಗೆ ನಿಂತು, ಒಳಗಿಂದ ಬಂದವರನ್ನು ಮಾತನಾಡಿಸಿ ಸುದ್ದಿ ಮಾಡಿದವನು. ಬೇರೆಯವರು ಚುಚ್ಚುವುದನ್ನೇ ನೋಡಲಾಗದವನು ನಾನೇ ಚುಚ್ಚಿಕೊಳ್ಳುವುದೆಂದರೆ! ಆ ದಿನ ಮನೆಗೆ ಬಂದವನೇ ನಾಳೆಯಿಂದ ನಡೆಯುತ್ತೇನೆ ಎಂದು ಹೆಂಡತಿಯ ಮುಂದೆ ಹೇಳಿದೆ.  ಮರುವಾರ ಅವಳು ನನ್ನ ಎಡಗೈಗೆ ಒಂದು ಕಪ್ಪು ಪಟ್ಟಿ ಕಟ್ಟಿದಳು.

ನನ್ನ ಹೆಂಡತಿ ಜಗದೇವಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ನಮ್ಮ ಸಂಸಾರದಲ್ಲಿ ಒಂದು ಹಳೆಯ ಜಗಳವಿದೆ. ಓಣಿಯ ಯಾವುದಾದರೂ ಸಮಾಚಾರ ಅವಳು ತಂದರೆ ನಾನು ತಲೆ ಎತ್ತದೆ, "ಇದಕ್ಕ ಎರಡನೇ ಮೂಲ ಏನದ?" ಎಂದು ಕೇಳುತ್ತೇನೆ. ಒಬ್ಬರು ಹೇಳಿದ್ದು ಗಾಳಿಮಾತು, ಸಂಬಂಧವಿಲ್ಲದ ಇಬ್ಬರು ಹೇಳಿದರೆ ಸುದ್ದಿ ಎಂಬುದು ನಮ್ಮ ಪತ್ರಿಕೆಯ ಡೆಸ್ಕಿನ ಕಟ್ಟಳೆ. ಅದನ್ನು ನಾನು ಊಟದ ತಟ್ಟೆಯವರೆಗೂ ತಂದಿದ್ದೆ. ಪಟ್ಟಿ ಕಟ್ಟುತ್ತಾ ಅವಳು ಅಂದಳು: "ನಡದೇನಿ ಅಂತ ನೀವು ಹೇಳಿದ್ರ ಅದು ಒಂದು ಮೂಲ. ಇದು ಎರಡನೇದು. ಹೆಜ್ಜಿ ಎಣಸ್ತದ, ನನ್ನ ಫೋನಿಗಿ ಕಳಸ್ತದ. ಇನ್ನ ನೀವು ಖರೇನೂ ಹೇಳ್ಬ್ಯಾಡ್ರಿ, ಸುಳ್ಳೂ ಹೇಳ್ಬ್ಯಾಡ್ರಿ. ಸುಮ್ಮ ನಡೀರಿ."

ಮನುಷ್ಯನ ಮೇಲೆ ಕಣ್ಣಿಡುವುದು ನಮ್ಮೂರಿಗೆ ಹೊಸದೇನಲ್ಲ. ಬೀದರ ಕೋಟೆಯ ಬುರುಜುಗಳ ಮೇಲೆ ನಿಂತು ಕಾವಲುಗಾರರು ಎಷ್ಟೋ ಶತಮಾನ ದೂರದ ಧೂಳನ್ನೇ ನೋಡಿದರು. ಆಮೇಲೆ ಆ ಕೆಲಸವನ್ನು ನಮ್ಮ ಓಣಿಯ ಹಿರಿಯ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕುಳಿತು, ಅವರೆಕಾಯಿ ಸುಲಿಯುತ್ತಾ, ಸಂಬಳವಿಲ್ಲದೆ ಮಾಡಿದರು. ಯಾರ ಮನೆಗೆ ಯಾವ ಬೀಗರು ಬಂದರು, ಎಷ್ಟು ಹೊತ್ತಿಗೆ ಹೋದರು, ಕೈಯಲ್ಲಿ ಏನಿತ್ತು ಎಂಬುದೆಲ್ಲ ಅವರ ಬಳಿ ಇರುತ್ತಿತ್ತು. ಈಗ ಚೌಕಗಳಲ್ಲಿ ಕ್ಯಾಮೆರಾ ಬಂದಿವೆ. ನಮ್ಮ ಓಣಿಯ ಅಂಗಡಿಯೊಂದರ ಕ್ಯಾಮೆರಾ ಗಾಳಿಗೆ ತಿರುಗಿ ಒಂದು ವರ್ಷದಿಂದ ಎದುರಿನ ಬೇವಿನ ಮರವನ್ನೇ ಕಾಯುತ್ತಿದೆ. ಮರ ಇದುವರೆಗೂ ಎಲ್ಲೂ ಹೋಗಿಲ್ಲ. ಇವೆಲ್ಲ ಹೊರಗಿನಿಂದ ನೋಡುವ ಕಣ್ಣುಗಳು, ಕಣ್ಣು ತಪ್ಪಿಸಬಹುದು. ಕೈಗೇ ಕಟ್ಟಿದ ಕಣ್ಣನ್ನು ತಪ್ಪಿಸುವುದು ಹೇಗೆ?

ತಪ್ಪಿಸುವ ಉಪಾಯವನ್ನು ನಾನು ಹುಡುಕಲಿಲ್ಲ. ಅದು ತಾನೇ ಬಂದು ನನ್ನನ್ನು ಹುಡುಕಿತು. ನಾನು ಹತ್ತುವ ಔರಾದ ಬಸ್ಸು ನೇರ ದಾರಿ ಬಿಟ್ಟು ಠಾಣಾ ಕುಶನೂರ ಕಡೆ ಸುತ್ತಿ ಹೋಗುತ್ತದೆ. ಆ ದಾರಿಯಲ್ಲಿ ಒಂದು ತುಂಡು ರಸ್ತೆ ಇತ್ತು. ರಸ್ತೆ ಎನ್ನುವುದಕ್ಕಿಂತ ಒಂದಕ್ಕೊಂದು ಪರಿಚಯವಾಗಿದ್ದ ತಗ್ಗುಗಳ ಸಾಲು ಎನ್ನಬೇಕು. ಮೇಲೆ ಹೇಳಿದ ಮಂಗಳವಾರ ಜಾಗ ಸಿಗದೆ ನಾನು ಹಿಂದಿನ ಗಾಲಿಯ ಮೇಲಿನ ಕೊನೆಯ ಸೀಟಿನಲ್ಲಿ ಕುಳಿತು, ಎಡಗೈಯಿಂದ ಕಿಟಕಿಯ ಕಂಬಿ ಹಿಡಿದಿದ್ದೆ. ತಗ್ಗಿನ ರಸ್ತೆ ಮುಗಿದ ಮೇಲೆ ಟೈಮ್ ನೋಡಲು ಪಟ್ಟಿ ನೋಡಿದರೆ ನಾಲ್ಕು ಸಾವಿರದ ಚಿಲ್ಲರೆ ಹೆಜ್ಜೆ! ಬೆಳಿಗ್ಗೆಯಿಂದ ನಾನು ನಡೆದದ್ದು ಮನೆಯಿಂದ ಆಟೋದವರೆಗೆ, ಆಟೋದಿಂದ ಬಸ್ಸಿನವರೆಗೆ. ಪಕ್ಕದಲ್ಲಿ ಕುಳಿತಿದ್ದ ಚಿಂತಾಕಿಯ ಮುದುಕಿಯೊಬ್ಬಳು ನಾನು ಕೈಯನ್ನೇ ದಿಟ್ಟಿಸುವುದನ್ನು ನೋಡಿ ಕೇಳಿದಳು.

"ಏನ್ ಯಪ್ಪಾ ಅದು, ತಾಯತಾ?"

"ಹೌದವ್ವ. ಸಕ್ರಿ ರೋಗಕ್ಕ."

"ಕೆಲಸ ಮಾಡ್ತದೇನು?"

"ಈಗ ಚಾಲೂ ಮಾಡ್ಯದ ನೋಡವ್ವ" ಎಂದೆ.

ಬಸ್ಸಿನ ಕಂಡಕ್ಟರ್ ಮೈನುದ್ದೀನ್ ನನಗೆ ಹತ್ತು ವರ್ಷದ ಪರಿಚಯ. ನಾನು ಅವರನ್ನು ಮೈನುಭಾಯಿ ಎನ್ನುತ್ತೇನೆ, ಅವರು ನನ್ನನ್ನು ಪೇಪರ್ ಸಾಬ್ ಎನ್ನುತ್ತಾರೆ. ಅಚ್ಚರಿ ತಡೆಯಲಾರದೆ ಅವರಿಗೆ ಪಟ್ಟಿ ತೋರಿಸಿದೆ. ವಿಷಯ ತಿಳಿದ ಮೇಲೆ ಅವರು ಟಿಕೆಟ್ ಯಂತ್ರವನ್ನು ಎದೆಗೆ ಒತ್ತಿಕೊಂಡು ನಕ್ಕರು. "ಅರೇ ವಾಹ್ ಪೇಪರ್ ಸಾಬ್! ಹಂಗಂದ್ರ ನಾ ಹದಿನೈದು ಸಾಲಿಂದ ದಿನಾ ಹೈದ್ರಾಬಾದ್‌ಗಿ ನಡ್ಕೊಂತ ಹೋಗಿ ಬರ್ಲಾಕತ್ತೀನಿ. ಮತ್ತ ನನ್ನ ಮೊಣಕಾಲಿಗ್ಯಾಕ ಖಬರಿಲ್ಲ?" ಎಂದರು. ಮರುದಿನದಿಂದ ಆ ಕೊನೆಯ ಸೀಟಿಗೆ ಬಸ್ಸಿನಲ್ಲಿ ಹೊಸ ಹೆಸರು ಬಂತು. "ವಾಕಿಂಗ್ ಸೀಟ್ ಖಾಲಿ ಅದ ಸಾಬ್, ಹಿಂದ ಬರ್ರಿ" ಎಂದು ಮೈನುಭಾಯಿ ನಿಲ್ದಾಣದಲ್ಲೇ ಕೂಗುತ್ತಿದ್ದರು. ನನಗಾಗಿ ಅಲ್ಲಿ ಟವೆಲ್ ಹಾಸಿಡುವಷ್ಟು ವ್ಯವಸ್ಥೆಯಾಯಿತು.

ಭಾಲ್ಕಿಗೆ ಮಾತ್ರ ನಾನು ಯಾವಾಗಲೂ ರೈಲಿನಲ್ಲಿ ಹೋಗುವವನು. ರೈಲು ಬಂದ ಹೊಸತರಲ್ಲಿ ಪರದೇಶಗಳಲ್ಲಿ ಕೆಲವರು, ಅಷ್ಟು ವೇಗವನ್ನು ಮನುಷ್ಯನ ದೇಹ ತಾಳುವುದಿಲ್ಲ ಎಂದು ಹೆದರಿದ್ದರಂತೆ. ಓದಿ ನಕ್ಕಿದ್ದೆ. ಈಗ ನನಗೂ ರೈಲು ಆರೋಗ್ಯಕ್ಕೆ ಹಾನಿಕರ ಎಂದು ಖಚಿತವಾಯಿತು. ಬೀದರಿನಿಂದ ಭಾಲ್ಕಿಯವರೆಗೆ ಹೋದರೂ ಒಂದು ಹೆಜ್ಜೆ ಬೀಳುತ್ತಿರಲಿಲ್ಲ. ರೈಲಿನಲ್ಲಿ ಹೋದ ದಿನ ನನ್ನ ದಾಖಲೆ ಒಂಬೈನೂರಕ್ಕೆ ನಿಂತುಬಿಡುತ್ತಿತ್ತು. ಹಾಗಾಗಿ ಭಾಲ್ಕಿಯ ಸುದ್ದಿಗಳನ್ನು ಫೋನಿನಲ್ಲಿ ಮುಗಿಸಿ, ಔರಾದಿನ ಬೆಳವಣಿಗೆಗಳ ಮೇಲೆ ಹೆಚ್ಚು ನಿಗಾ ಇಟ್ಟೆ. ಆ ಎರಡು ತಿಂಗಳು ಔರಾದ ತಾಲೂಕಿಗೆ ನಮ್ಮ ಪತ್ರಿಕೆಯಲ್ಲಿ ಸಿಕ್ಕ ಪ್ರಚಾರ ಹಿಂದೆಂದೂ ಸಿಕ್ಕಿರಲಿಲ್ಲ. ಅಲ್ಲಿಯ ಸಂತೆಯಲ್ಲಿ ಬದನೆಕಾಯಿ ಚೆನ್ನಾಗಿದೆ ಎಂಬುದೂ ಸುದ್ದಿಯಾಯಿತು.

ಮನೆಯಲ್ಲಿ ನನ್ನ ಮರ್ಯಾದೆ ಏರಿತು. ಜಗದೇವಿ ನನ್ನ ಅಂಕಿಗಳನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಓದಿ ಹೇಳುತ್ತಿದ್ದಳಂತೆ. ಒಮ್ಮೆ ತರಕಾರಿ ಮಾರ್ಕೆಟ್ಟಿನಲ್ಲಿ ಅವಳ ಶಾಲೆಯ ಹಿಂದಿ ಟೀಚರಿನ ಗಂಡ ನನ್ನ ತೋಳು ಹಿಡಿದು ನಿಲ್ಲಿಸಿದರು. "ಸರ್, ಜರಾ ಕಮ್ಮಿ ನಡೀರಿ. ನಿಮ್ಮ ಹನ್ನೊಂದು ಸಾವಿರ ನಮ್ಮ ಮನಿಗಿ ಬಂದು ನನ್ನ ಚಾ ಬಂದ್ ಮಾಡ್ಯದ" ಎಂದರು. ಪ್ರಯತ್ನಿಸುತ್ತೇನೆ ಎಂದೆ. ಇತ್ತ ನನ್ನ ಚಹಾ ಮತ್ತೆ ಚಾಲೂ ಆಗಿತ್ತು. "ಇಷ್ಟು ನಡೀತೀರಿ, ಐತ್ವಾರಕ್ಕೊಂದು ಹೋಳಿಗಿ ತಿಂದ್ರ ಏನಾಗಂಗಿಲ್ಲ" ಎಂದು ಜಗದೇವಿ ಶೇಂಗಾ ಹೋಳಿಗೆಯನ್ನು ತಾನಾಗಿಯೇ ತಟ್ಟೆಗೆ ಹಾಕಿದಳು. ಭಾನುವಾರದ ಒಂದು ಹೋಳಿಗೆ ಕ್ರಮೇಣ ಎರಡಾಯಿತು. ಬುಧವಾರಕ್ಕೂ ಬಂತು.

ಯಂತ್ರ ಹೇಳಿದ್ದನ್ನು ನಂಬುವುದು ನನ್ನೊಬ್ಬನ ದೋಷವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನಾನು ಒಂದಷ್ಟು ವಿಜ್ಞಾನದ ಇತಿಹಾಸ ಓದಿದೆ. ಎಕ್ಸ್-ರೇ ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಮೊದಮೊದಲು ಚಿತ್ರ ತೆಗೆದದ್ದು ಹೆಂಡತಿಯ ಕೈಯದು, ಉಂಗುರದ ಸಮೇತ. ಆ ಕಾಲದಲ್ಲಿ ಗಂಡಂದಿರು ಹೆಂಡತಿಯರ ಕೈಗೆ ಯಂತ್ರ ಹಚ್ಚುತ್ತಿದ್ದರು ಎಂಬುದನ್ನು ಗಮನಿಸಿ, ಮುಂದೆ ಓದಿದೆ. ಕಳೆದ ಶತಮಾನದಲ್ಲಿ ಪರದೇಶದ ಚಪ್ಪಲಿ ಅಂಗಡಿಗಳಲ್ಲಿ ಆ ಕಿರಣದ ಯಂತ್ರ ಇಟ್ಟಿದ್ದರಂತೆ. ಬೂಟಿನೊಳಗೆ ಬೆರಳು ಸರಿಯಾಗಿ ಕೂತಿದೆಯೇ ಎಂದು ಗಿರಾಕಿಗಳು ಅದರಲ್ಲಿ ಇಣುಕಿ, ತಮ್ಮ ಎಲುಬು ನೋಡಿ ಖುಷಿಪಡುತ್ತಿದ್ದರು. ಅದರಿಂದ ಮೈಗೆ ಕೇಡು ಎಂದು ತಿಳಿದು ಆ ಯಂತ್ರಗಳು ಅಂಗಡಿ ಬಿಡಲು ವರ್ಷಗಳೇ ಹಿಡಿದವು. ಇನ್ನು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತಿನ ಮೂಲ ಹುಡುಕಿದರೆ ಅದು ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. ಅರವತ್ತರ ದಶಕದಲ್ಲಿ ಜಪಾನಿನವರು ಹೆಜ್ಜೆ ಎಣಿಸುವ ಯಂತ್ರ ಮಾರಲು ಅದಕ್ಕೆ ಇಟ್ಟ ಹೆಸರೇ ಹಾಗಿತ್ತಂತೆ. ಒಂದು ಯಂತ್ರದ ಹೆಸರನ್ನು ಜಗತ್ತೆಲ್ಲ ವೈದ್ಯರ ಸಲಹೆಯೆಂದು ಪಾಲಿಸುವಾಗ, ಬಸ್ಸಿನ ಕುಲುಕಾಟವನ್ನು ನಡಿಗೆಯೆಂದು ನಾನೊಬ್ಬ ಬಗೆದರೆ ತಪ್ಪೇನು ಎನಿಸಿತು. ತಪ್ಪಿತ್ತು. ಅದು ಆಮೇಲೆ ತಿಳಿಯಿತು.

ಮಾರ್ಚ್ ತಿಂಗಳಲ್ಲಿ ಆ ತಗ್ಗಿನ ರಸ್ತೆಯ ಬೀದರ ಕಡೆಯ ತುದಿಯಲ್ಲಿ ಒಂದು ರೋಡ್ ರೋಲರ್ ಬಂದು ನಿಂತಿತು. ಪಕ್ಕದಲ್ಲಿ ಜಲ್ಲಿ, ಡಾಂಬರಿನ ಡ್ರಮ್ಮುಗಳು. ಆ ರಸ್ತೆಯ ಬಗ್ಗೆ ಪ್ರತಿವರ್ಷ ಒಂದು ಸುದ್ದಿ ಬರೆಯುವುದು ನನ್ನ ರೂಢಿಯಾಗಿತ್ತು. 'ಹದಗೆಟ್ಟ ರಸ್ತೆ: ಪ್ರಯಾಣಿಕರ ಪರದಾಟ' ಎಂಬ ತಲೆಬರಹವನ್ನು ಡೆಸ್ಕಿನವರು ನಾನು ಸುದ್ದಿ ಕಳಿಸುವ ಮೊದಲೇ ಕೊಟ್ಟಿರುತ್ತಿದ್ದರು. ಅಷ್ಟು ವರ್ಷದ ಬರವಣಿಗೆಗೆ ಕೊನೆಗೂ ಫಲ ಸಿಕ್ಕಿತ್ತು. ಬಸ್ಸಿನಲ್ಲಿದ್ದವರು "ಸಾಬ್, ನೀವು ಬರ್ದಿದ್ದಕ್ಕೇ ಆಯ್ತು ನೋಡ್ರಿ" ಎಂದು ನನ್ನ ಕೈ ಕುಲುಕಿದರು. ಕುಲುಕಿದ್ದು ಎಡಗೈ ಆದ್ದರಿಂದ ಆರು ಹೆಜ್ಜೆ ಬಿದ್ದವು. ನಾನು ಕಿಟಕಿಯಿಂದ ರೋಲರನ್ನು ನೋಡುತ್ತಾ ಕುಳಿತೆ. ಕಾಮಗಾರಿ ಆರಂಭದ ಸುದ್ದಿಯನ್ನು ಎರಡು ದಿನ ತಡೆಹಿಡಿದೆ. ನನ್ನ ವೃತ್ತಿಯಲ್ಲಿ ಸುದ್ದಿ ತಡೆಹಿಡಿದದ್ದು ಅದೇ ಮೊದಲು. ಸುದ್ದಿ ನಿಂತಿತು, ರೋಲರ್ ನಿಲ್ಲಲಿಲ್ಲ.

ಡಾಂಬರು ದಿನಕ್ಕಿಷ್ಟು ಮುಂದೆ ಹೋದಂತೆ ನನ್ನ ಹೆಜ್ಜೆ ದಿನಕ್ಕಿಷ್ಟು ಹಿಂದೆ ಬಂದವು. ಹನ್ನೊಂದು ಸಾವಿರ ಒಂಬತ್ತಾಯಿತು, ಒಂಬತ್ತು ಆರಾಯಿತು. ಒಂದು ಸಂಜೆ ಜಗದೇವಿ ಫೋನು ಹಿಡಿದುಕೊಂಡು ಬಂದು ನನ್ನ ಪಕ್ಕ ಕುಳಿತಳು. ದನಿಯಲ್ಲಿ ಬೈಗುಳ ಇರಲಿಲ್ಲ. ಅದೇ ನನಗೆ ಕಷ್ಟವಾಯಿತು.

"ಯಾಕ್ರಿ, ಕಾಲು ನೋಯ್ತದೇನು? ಉಸ್ರು ಕಟ್ತದೇನು? ಮುಚ್ಚಿಡಬ್ಯಾಡ್ರಿ."

"ಏನಿಲ್ಲ. ಬಿಸಲು ಜಾಸ್ತಿ ಅದ."

"ಹಂಗಾದ್ರ ನಾಳೆ ಡಾಕ್ಟರ್ ಕಡಿ ಹೋಗೂನು. ಹ್ಯಾಂಗೂ ಮೂರು ತಿಂಗಳು ಆಯ್ತು."

ಸಕ್ಕರೆ ರೋಗಕ್ಕೆ ಮೂರು ತಿಂಗಳ ಪರೀಕ್ಷೆ ಎಂದು ಒಂದಿದೆ. ಹಿಂದಿನ ದಿನ ಉಪವಾಸ ಮಾಡಿ ಅದರ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ. ತಿಂದ ಸಕ್ಕರೆ ರಕ್ತದ ಕಣಗಳಿಗೆ ಅಂಟಿಕೊಂಡು, ಆ ಕಣ ಬದುಕಿರುವವರೆಗೂ ಸಾಕ್ಷಿಯಾಗಿ ಉಳಿಯುತ್ತದೆ. ಅಂದರೆ ಮೂರು ತಿಂಗಳ ಹೋಳಿಗೆಗಳೆಲ್ಲ ನನ್ನೊಳಗೇ ಕುಳಿತು ನನ್ನ ವರದಿ ಬರೆಯುತ್ತಿದ್ದವು. ಡಾಕ್ಟರು ಒಂದು ಕೈಯಲ್ಲಿ ರಕ್ತದ ಚೀಟಿ, ಇನ್ನೊಂದು ಕೈಯಲ್ಲಿ ಜಗದೇವಿಯ ಫೋನು ಹಿಡಿದು ಬಹಳ ಹೊತ್ತು ನೋಡಿದರು. ಸಕ್ಕರೆ ಡಿಸೆಂಬರಿಗಿಂತ ಏರಿತ್ತು.

"ಇದು ವಿಚಿತ್ರ ಅದ ನೋಡ್ರಿ" ಎಂದರು. "ಇಷ್ಟು ನಡದವ್ರಿಗಿ ಇಳೀಲೇಬೇಕಿತ್ತು. ನಡದೂ ಇಳಿದಿಲ್ಲಂದ್ರ ಗುಳಿಗಿ ಕೆಲಸ ಮಾಡವಲ್ಲವು ಅಂತ ಅರ್ಥ. ಇನ್ನ ತಡ ಮಾಡೋದು ಬ್ಯಾಡ. ಇನ್ಸುಲಿನ್ ಚಾಲೂ ಮಾಡೂನು."

ನನ್ನ ಸ್ಥಿತಿಯನ್ನು ಓದುಗರು ಗಮನಿಸಬೇಕು. ನಿಜ ಹೇಳಿದರೆ ಸೂಜಿ ತಪ್ಪುತ್ತದೆ, ಮಾನ ಹೋಗುತ್ತದೆ. ಹೇಳದಿದ್ದರೆ ಮಾನ ಉಳಿಯುತ್ತದೆ, ದಿನಾ ಹೊಟ್ಟೆಗೆ ಸೂಜಿ. ಇಪ್ಪತ್ತಾರು ವರ್ಷ ಮಂತ್ರಿಗಳನ್ನು, ಅಧಿಕಾರಿಗಳನ್ನು "ನಿಮ್ಮ ಪ್ರತಿಕ್ರಿಯೆ ಏನು?" ಎಂದು ಕೇಳಿದವನು ಅಲ್ಲಿ ಕುಳಿತು, ಅವರೆಲ್ಲ ಕೊಡುತ್ತಿದ್ದ ಪ್ರತಿಕ್ರಿಯೆಯನ್ನೇ ಕೊಟ್ಟೆ. ಅಂದರೆ ನೀರು ಕುಡಿದೆ. ಜಗದೇವಿಯೇ ಮಾತನಾಡಿದಳು: "ಡಾಕ್ಟರ್, ಒಂದ್ ವಾರ ತಡೀರಿ. ಎರಡು ಮೂಲ ಎರಡು ಥರ ಹೇಳ್ಲಾಕತ್ತಾವ. ಹಂಗಿದ್ದಾಗ ಸುದ್ದಿ ಹಾಕಂಗಿಲ್ಲ. ಇವ್ರೇ ಹೇಳ್ತಾರ."

ಶನಿವಾರ ಅವಳು ಅರ್ಧ ದಿನ ರಜೆ ಹಾಕಿ, ಮೂರಂತಸ್ತಿನ ಟಿಫಿನ್ ಡಬ್ಬಿ ಹಿಡಿದು ನನ್ನ ಜೊತೆ ಹೊರಟಳು. ಅವಳಿಗೆ ಅನುಮಾನ ಇದ್ದದ್ದು ನನ್ನ ನಡಿಗೆಯ ಮೇಲಲ್ಲ, ನಡಿಗೆಯ ವೇಗದ ಮೇಲೆ. ನಿಧಾನ ನಡೆದರೆ ಸಕ್ಕರೆ ಇಳಿಯುವುದಿಲ್ಲ ಎಂದು ಎಲ್ಲೋ ಓದಿದ್ದಳು. "ಔರಾದದಾಗ ಎಲ್ಲಿ ನಡೀತೀರಿ, ಹ್ಯಾಂಗ ನಡೀತೀರಿ ನೋಡ್ತೇನಿ. ಡಾಕ್ಟರಿಗಿ ಹೇಳ್ಲಾಕ ಬರ್ತದ" ಎಂದಳು. ನಿಲ್ದಾಣದಲ್ಲಿ ಬಸ್ಸಿನ ಕಡೆ ನಡೆಯುತ್ತಾ ನಾನು ತಪ್ಪೊಪ್ಪಿಗೆಯ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಮೂರು ಸಲ ತಿದ್ದಿದೆ. ನಾಲ್ಕನೇ ಸಲ ತಿದ್ದಿ ಬಾಯಿ ತೆರೆಯುವಷ್ಟರಲ್ಲಿ ಮೈನುಭಾಯಿ ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿದರು.

"ಪೇಪರ್ ಸಾಬ್! ಜಲ್ದಿ ಬರ್ರಿ, ವಾಕಿಂಗ್ ಸೀಟ್ ಹಿಡ್ದಿಟ್ಟೇನಿ!"

ಜಗದೇವಿ ನಿಂತಳು. "ಯಾವ ಸೀಟ್ರಿ ಅಣ್ಣಾ?"

"ನಮಸ್ಕಾರ್ ಭಾಭಿ! ಅದೇ, ಹಿಂದಿಂದು. ಸಾಬ್ ದಿನಾ ಅಲ್ಲೇ ವಾಕಿಂಗ್ ಮಾಡ್ತಾರ. ಈಗ ಡಾಂಬರ್ ಬಂದು ಖರಾಬ್ ಆಯ್ತು ಬಿಡ್ರಿ, ಮೊದಲಿನ ಮಜಾ ಇಲ್ಲ. ಮೊದಲ ಬರೋಬರಿ ಹೋಗಿ ಬರೂದ್ರಾಗ ಹತ್ತು ಸಾವಿರ!" ಎಂದವರು ನನ್ನ ಮುಖ ನೋಡಿ, ಟಿಕೆಟ್ ಯಂತ್ರದ ಕಾಗದವನ್ನು ವಿನಾಕಾರಣ ಬಿಚ್ಚಿ ಮತ್ತೆ ಸೇರಿಸತೊಡಗಿದರು.

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ವಿಜ್ಞಾನದ ಟೀಚರು ಎಂಬುದನ್ನು ಮರೆತಿದ್ದೆ. ನನ್ನ ಕೈಯಿಂದ ಪಟ್ಟಿ ಬಿಚ್ಚಿ ಟಿಫಿನ್ ಡಬ್ಬಿಯ ಹಿಡಿಕೆಗೆ ಕಟ್ಟಿದಳು. ವಾಕಿಂಗ್ ಸೀಟಿನಲ್ಲಿ ಡಬ್ಬಿಯನ್ನು ಕೂರಿಸಿ, ಮಗ್ಗುಲಲ್ಲಿ ತಾನು ಕುಳಿತಳು. ನಾನು ನಿಂತೆ. ಡಾಂಬರು ಬಿದ್ದ ರಸ್ತೆಯಲ್ಲಿ ಡಬ್ಬಿ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಡಾಂಬರು ಮುಗಿದು ಇನ್ನೂ ಉಳಿದಿದ್ದ ತಗ್ಗಿನ ತುಂಡು ಶುರುವಾದ ಕೂಡಲೇ ಎದ್ದು ನಡೆಯತೊಡಗಿತು. ಆ ತುಂಡು ಮುಗಿಯುವಷ್ಟರಲ್ಲಿ ಒಂದು ಸಾವಿರದ ಇನ್ನೂರ ಹನ್ನೆರಡು ಹೆಜ್ಜೆ ನಡೆದಿತ್ತು. ಜಗದೇವಿ ಅಂಕಿಯನ್ನು ಎರಡು ಸಲ ಓದಿ ನನ್ನ ಕಡೆ ನೋಡಿದಳು.

"ಯಾರು, ಏನು, ಎಲ್ಲಿ, ಯಾವಾಗ, ಹ್ಯಾಂಗ, ಅಷ್ಟೂ ಗೊತ್ತಾಯ್ತು. ಯಾಕ ಅನ್ನೋದೊಂದು ನೀವು ಹೇಳ್ರಿ."

"ಸೂಜಿ ಅಂದ್ರ ಹೆದ್ರಿಕಿ" ಎಂದೆ. ಮೂರು ತಿಂಗಳಲ್ಲಿ ನಾನು ಹೇಳಿದ ಮೊದಲ ನಿಜ ಅದು. ಪೂರ್ತಿ ಬಸ್ಸಿಗೆ ಕೇಳಿಸಿತು.

ಅವಳು ಹಿಂದೆ ಉಳಿದ ರೋಲರಿನ ಕಡೆ ತಿರುಗಿ ನೋಡಿದಳು. "ನಾ ಸುಮ್ಕ ಹೆದ್ರಿದ್ದೆ" ಎಂದಳು. "ಹೆಜ್ಜಿ ಕಮ್ಮಿ ಆಗ್ಲಾಕತ್ತಿದ್ವಲ್ಲ, ಎದಿದು ಏನರ ಆಗಿರ್ಬೇಕು ಅಂತ ವಾರದಿಂದ ನಿದ್ದಿಲ್ಲ ನನಗ. ರೋಲರ್‌ಗಿ ಹೆದ್ರಿದಂಗಾಯ್ತು."  ಆಮೇಲೆ ಡಬ್ಬಿಯ ಮೇಲೆ ಕೈ ಆಡಿಸಿ, "ಇದ್ರಾಗ ಹೋಳಿಗಿ ಅವ. ನಡದವ್ರಿಗಿ ಸಿಗಬೇಕು, ಹೌದಿಲ್ಲೋ?" ಎಂದು, ಒಂದನ್ನು ಮೈನುಭಾಯಿಗೂ ಒಂದನ್ನು ಡ್ರೈವರಿಗೂ ಕೊಟ್ಟು, ಉಳಿದದ್ದನ್ನು ಸುತ್ತ ಕುಳಿತವರಿಗೆ ಹಂಚಿದಳು. ನನಗೆ ಡಬ್ಬಿಯ ಕೆಳಗಿನ ಅಂತಸ್ತಿನ ಮೆಂತ್ಯೆ ಪಲ್ಯ ಸಿಕ್ಕಿತು.

ಔರಾದಿನಿಂದಲೇ ಅವಳು ಡಾಕ್ಟರಿಗೆ ಫೋನು ಮಾಡಿದಳು. "ಡಾಕ್ಟರ್, ಇವ್ರು ನಡದೇ ಇಲ್ರಿ." ಆ ಕಡೆಯಿಂದ ಡಾಕ್ಟರರ ದನಿ ನನಗೂ ಕೇಳಿತು: "ಭಾಳ ಛಲೋ ಆಯ್ತು! ಹಂಗಾದ್ರ ಗುಳಿಗಿದು ತಪ್ಪಿಲ್ಲ." ಇನ್ನೂ ಮೂರು ತಿಂಗಳು ಸಿಕ್ಕವು. ಸೂಜಿಯನ್ನು ಮುಂದೂಡಲಾಗಿದೆ, ರದ್ದುಪಡಿಸಿಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ಬೆಳಿಗ್ಗೆ ಜಗದೇವಿ ಮುಂದೆ, ನಾನು ಹಿಂದೆ, ಕೋಟೆಯ ಕಡೆ ಹೋಗಿ ಬರುತ್ತೇವೆ. ಬೇವಿನ ಮರ ಕಾಯುವ ಕ್ಯಾಮೆರಾದ ಕೆಳಗೆ ನಾನು ನಿಲ್ಲುತ್ತೇನೆ, ಅವಳು ನಿಲ್ಲುವುದಿಲ್ಲ. ಪಟ್ಟಿ ನನ್ನ ಕೈಯಲ್ಲೇ ಇದೆ. ಔರಾದಿಗೆ ಹೋಗುವ ದಿನ ಬಸ್ಸು ಹತ್ತುವಾಗ ಎಷ್ಟು, ಇಳಿಯುವಾಗ ಎಷ್ಟು ಎಂದು ಪಟ್ಟಿಯ ಫೋಟೋ ತೆಗೆದು ಅವಳಿಗೆ ಕಳಿಸಬೇಕು. ನಡುವಿನದನ್ನು ಅವಳು ಕಳೆಯುತ್ತಾಳೆ. ಭಾಲ್ಕಿಗೆ ನಾನು ಮತ್ತೆ ರೈಲಿನಲ್ಲಿ ಹೋಗುತ್ತಿದ್ದೇನೆ. ಹಿಂದಿ ಟೀಚರಿನ ಗಂಡನಿಗೆ ಚಹಾ ಮರಳಿ ಸಿಕ್ಕಿದೆ ಎಂದು ಅವರೇ ಖಚಿತಪಡಿಸಿದ್ದಾರೆ. ಏಪ್ರಿಲ್ ಕೊನೆಗೆ ಡಾಂಬರೀಕರಣ ಮುಗಿಯಿತು. ಆ ಸುದ್ದಿಯನ್ನು ಅದೇ ದಿನ ಕಳಿಸಿದೆ. ಒಳಪುಟದಲ್ಲಿ ಒಂದು ಕಾಲಂ ಬಂತು.

ಕಳೆದ ವಾರ ಆ ಕಡೆ ಮೊದಲ ಮಳೆ ಬಿತ್ತು. ಮೋರಿಯ ಹತ್ತಿರ ಹೊಸ ಡಾಂಬರು ಎರಡು ಕಡೆ ಎದ್ದು ತಗ್ಗು ಬಿದ್ದಿದೆ. ನಿನ್ನೆ ಔರಾದಿನಲ್ಲಿ ಬಸ್ಸು ಹತ್ತುವಾಗ ಪಟ್ಟಿಯಲ್ಲಿ ಆರು ಸಾವಿರದ ನಲವತ್ತು ಇತ್ತು. ಬೀದರಿನಲ್ಲಿ ಇಳಿಯುವಾಗ ಆರು ಸಾವಿರದ ಐವತ್ತನಾಲ್ಕು ಇತ್ತು. ಎರಡೂ ಫೋಟೋಗಳನ್ನು ಕಳಿಸಿದ್ದೇನೆ. ಹದಿನಾಲ್ಕನ್ನು ಜಗದೇವಿ ಕಳೆದಿದ್ದಾಳೆ.